ಇಬ್ಬರಿಗೆ ಒಂದು ಪುಸ್ತಕ

ಸ್ಮರಣ ಸಂಚಿಕೆಗಾಗಿ ಏನಾದರೂ ಬರೆದು ಕಳುಹಿಸಬೇಕೆಂದು ನಮ್ಮ ಹಳೆಯ ಶಾಲೆಯಿಂದ ಅಪ್ಪಣೆ ಬಂದಾಗ, ಬೋರ್ಡಿಂಗಿನ ಗಂಟೆ, ಮುಂಜಾನೆಯ ಗಂಜಿ, ಹುಣಸೇಮರದ ಕೆಳಗಿನ ಆಟ ಇವುಗಳನ್ನು ಕುರಿತು ಬರೆಯುವದು ನಮಗೆ ಸುಲಭವಾಗಿತ್ತು. ಆದರೆ ಅವುಗಳನ್ನು ನಮಗಿಂತ ಸೊಗಸಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ನಾವಾದರೋ ಬಹುದೂರದ ಒಂದು ವಾದ್ಯವೃಂದದ ವಿಷಯವನ್ನು ಹೇಳಬೇಕೆಂದಿದ್ದೇವೆ. ಅದು ಯೆಹೂದ್ಯರೂ ಅರಬ್ಬರೂ ಒಂದು ಕಡೆ ಇಳಿದುಕೊಂಡು, ಕೂಡಿ ಉಂಡು, ಕೂಡಿ ವಾದಿಸಿ, ಕೂಡಿ ನುಡಿಸುವ ವೃಂದವು. ಅದರ ಸಂಗತಿ ಈ ಸಂಚಿಕೆಗೆ ಯಾಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ಹಾಡಿನ ತರಗತಿಯಲ್ಲಿ ನಾವು ಕಲಿತೂ ತಿಳಿಯದೆ ಬಿಟ್ಟ ಒಂದು ಪಾಠವು ಐವತ್ತು ವರುಷಗಳ ತರುವಾಯ ಆ ವೃಂದದ ದೆಸೆಯಿಂದ ನಮಗೆ ತಿಳಿಯಿತೆಂಬದೇ ಇದಕ್ಕೆ ಉತ್ತರವು.

ಆ ಪಾಠವನ್ನು ಮೊದಲು ಹೇಳುವೆವು. ನಾವು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಊರಿನವಳೇ ಆದ ಒಬ್ಬ ಹುಡುಗಿ ಬೋರ್ಡಿಂಗಿಗೆ ಬಂದು ಸೇರಿದಳು. ಅವಳ ಮನೆಯವರಿಗೂ ನಮ್ಮ ಮನೆಯವರಿಗೂ ಒಂದು ತೆಂಗಿನ ತೋಟದ ವಿಷಯವಾಗಿ ಕೋರ್ಟಿನಲ್ಲಿ ದಾವೆ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಅವರ ಹೆಸರನ್ನು ಎತ್ತುವಂತಿರಲಿಲ್ಲ. ಅವರ ಮನೆಯಲ್ಲಿ ನಮ್ಮ ಹೆಸರಿನ ಗತಿಯೂ ಅಷ್ಟೇ ಆಗಿದ್ದಿರಬೇಕು. ಸಂಗೀತದ ಉಪಾಧ್ಯಾಯಿನಿಯವರಿಗೆ ಇದು ತಿಳಿದಿತ್ತೋ ಇಲ್ಲವೋ ನಾವು ಅರಿಯೆವು. ಹಾಡಿನ ಪುಸ್ತಕಗಳು ಸಾಲದ್ದರಿಂದ ಅವರು ಇಬ್ಬರಿಗೆ ಒಂದರಂತೆ ಹಂಚಿ, ನಮ್ಮನ್ನೂ ಅವಳನ್ನೂ ಒಂದೇ ಪುಸ್ತಕದ ಮುಂದೆ ನಿಲ್ಲಿಸಿದರು. ನಮ್ಮದು ಮೇಲಿನ ಸ್ವರ, ಅವಳದು ಕೆಳಗಿನ ಸ್ವರ. ಎಡಬದಿಯನ್ನು ನಾವು ಹಿಡಿಯುವೆವು, ಬಲಬದಿಯನ್ನು ಅವಳು ಹಿಡಿಯುವಳು. ಹಾಳೆ ತಿರುವುವ ಕೆಲಸ ಅವಳದು. ಹಾಗೆ ಮೂರು ವರುಷ ನಿಂತೆವು. ಹಾಡಿನ ಹೊರತು ನಮ್ಮಿಬ್ಬರಲ್ಲಿ ಮಾತು ಬಹಳ ಕಡಮೆ. ಆದರೂ ಯಾವ ಸಾಲಿನಲ್ಲಿ ಅವಳು ಉಸಿರು ತೆಗೆದುಕೊಳ್ಳುವಳು, ಯಾವ ಸ್ವರಕ್ಕೆ ಬರುವಾಗ ತುಸು ಅಂಜುವಳು ಎಂಬದೆಲ್ಲ ನಮಗೆ ತಿಳಿದಿತ್ತು. ಶಾಲೆ ಬಿಟ್ಟ ಮೇಲೆ ಅವಳು ಒಂದು ಊರಿಗೆ, ನಾವು ಒಂದು ಊರಿಗೆ. ಮೂರು ವರುಷ ಒಂದು ಪುಸ್ತಕವನ್ನು ಹಿಡಿದೂ ನಾವು ಗೆಳತಿಯರಾಗಲಿಲ್ಲವಲ್ಲಾ, ಹಾಗಾದರೆ ಆ ಹಾಡಿನಿಂದ ಏನು ಬಂತು ಎಂಬ ಪ್ರಶ್ನೆ ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿದುಕೊಂಡಿತು.

2019ರಲ್ಲಿ ನಾವು ಮಗಳ ಮನೆಗೆಂದು ಬರ್ಲಿನ್ ಪಟ್ಟಣಕ್ಕೆ ಹೋಗಿದ್ದೆವು. ಒಂದು ಸಾಯಂಕಾಲ ಅವಳು ನಮ್ಮನ್ನು ಪಿಯರ್ ಬುಲೇಜ್ ಸಭಾಗೃಹಕ್ಕೆ ಕರೆದುಕೊಂಡು ಹೋದಳು. ಒಪೆರಾ ನಾಟಕಶಾಲೆಯ ಪರದೆ ಮುಂತಾದ ಸಾಮಾನುಗಳನ್ನು ಇಡುತ್ತಿದ್ದ ಹಳೆಯ ಉಗ್ರಾಣವನ್ನು ಸಂಗೀತ ವಿದ್ಯಾಲಯವನ್ನಾಗಿ ಮಾರ್ಪಡಿಸಿ, ಅದರೊಳಗೆ ಈ ಸಭಾಗೃಹವನ್ನು ಕಟ್ಟಿದ್ದಾರೆ. ಇದು 2017ರಲ್ಲಿ ತೆರೆಯಿತು, 682 ಆಸನಗಳಿವೆ, ಫ್ರ್ಯಾಂಕ್ ಗೇರಿ ಎಂಬ ಪ್ರಸಿದ್ಧ ಶಿಲ್ಪಿಯು ಇದರ ನಕ್ಷೆಯನ್ನು ಮಾಡಿದನು. ಸಭಾಗೃಹವು ಮೊಟ್ಟೆಯ ಆಕಾರದ್ದು. ನುಡಿಸುವವರು ನಡುವೆ, ಕೇಳುವವರು ಸುತ್ತಲೂ. ಆದದರಿಂದ ಒಬ್ಬರ ಬೆನ್ನು ಕಂಡರೂ ಎದುರಿನವರ ಮುಖ ಕಾಣುವದು.

ಅಂದು ವಿದ್ಯಾರ್ಥಿಗಳ ಒಂದು ಸಣ್ಣ ಮೇಳವು ನುಡಿಸಿತು. ಪಿಟೀಲಿನವರು ಇಬ್ಬಿಬ್ಬರಾಗಿ, ಇಬ್ಬರಿಗೆ ಒಂದು ಸ್ವರಲಿಪಿಯ ಸ್ಟ್ಯಾಂಡಿನಂತೆ ಕುಳಿತಿದ್ದರು. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಇದು ಪದ್ಧತಿಯಂತೆ. ಹಾಳೆಯ ಕೊನೆಗೆ ಬಂದಾಗ ಹೊರಬದಿಯವರು ನುಡಿಸುತ್ತಲೇ ಇರುವರು. ಒಳಬದಿಯವರು ತಮ್ಮ ವಾದ್ಯವನ್ನು ಕ್ಷಣಮಾತ್ರ ನಿಲ್ಲಿಸಿ, ಹಾಳೆ ತಿರುವಿ, ಮತ್ತೆ ಕೂಡಿಕೊಳ್ಳುವರು. ಕಮಾನು ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಎಂಬದನ್ನು ಇಬ್ಬರೂ ಒಪ್ಪಿ ಸೀಸದ ಕಡ್ಡಿಯಿಂದ ಗುರುತು ಹಾಕಿಕೊಂಡಿರುವರು. ನಮ್ಮ ಎದುರಿಗೆ ಇಬ್ಬರು ತರುಣಿಯರಿದ್ದರು. ಅವರಲ್ಲಿ ಒಬ್ಬಳು ಹಾಳೆ ತಿರುವಿದೊಡನೆ ನಮ್ಮ ಎದೆ ಧಸಕ್ಕೆಂದಿತು. ಅವಳು ಕೈನೀಡಿದ ರೀತಿ ನಾವು ಕಂಡದ್ದಾಗಿತ್ತು.

"ಇವರಲ್ಲಿ ಯೆಹೂದ್ಯರು ಯಾರು, ಅರಬ್ಬರು ಯಾರು?" ಎಂದು ಮಗಳ ಕಿವಿಯಲ್ಲಿ ಕೇಳಿದೆವು.

"ಅಮ್ಮಾ, ನುಡಿಸುವಾಗ ಅದು ಹೇಗೆ ತಿಳಿಯಬೇಕು?" ಎಂದಳು ಅವಳು.

ಮನೆಗೆ ಬಂದ ಮೇಲೆ ಆ ವಿದ್ಯಾಲಯದ ಮೂಲವೇನೆಂದು ವಿಚಾರಿಸಿದೆವು. ಅಂದಿನಿಂದ ಓದಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಇದರ ಮೂಲಕರ್ತರು ಇಬ್ಬರು. ಒಬ್ಬರು ಡೇನಿಯಲ್ ಬಾರೆನ್‌ಬೋಯಿಮ್ ಎಂಬ ಪಿಯಾನೋ ವಾದಕರೂ ವೃಂದನಾಯಕರೂ ಆದ ಯೆಹೂದ್ಯರು. 1942ರಲ್ಲಿ ಆರ್ಜೆಂಟೀನಾ ದೇಶದಲ್ಲಿ ಹುಟ್ಟಿ, 1952ರಲ್ಲಿ ತಂದೆತಾಯಿಗಳ ಸಂಗಡ ಇಸ್ರಾಯೇಲ್ ದೇಶಕ್ಕೆ ಬಂದವರು. ಇನ್ನೊಬ್ಬರು ಎಡ್ವರ್ಡ್ ಸಯೀದ್. 1935ರಲ್ಲಿ ಯೆರೂಸಲೇಮಿನಲ್ಲಿ ಒಂದು ಪಲೆಸ್ತೀನಿಯ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಕೈರೋ ಪಟ್ಟಣದಲ್ಲಿ ಬೆಳೆದು, ನ್ಯೂಯಾರ್ಕಿನಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಪಂಡಿತರು. 1948ರ ಯುದ್ಧಕಾಲದಲ್ಲಿ ಅವರ ಬಂಧುವರ್ಗವೆಲ್ಲ ಯೆರೂಸಲೇಮಿನ ಮನೆಗಳನ್ನು ಕಳೆದುಕೊಂಡಿತು. ಈ ಸಂಚಿಕೆಯ ವಾಚಕರಿಗೆ ಪ್ರಿಯವಾಗಬಹುದಾದ ಒಂದು ವಿಷಯವೇನಂದರೆ, ನಜರೇತಿನವರಾದ ಅವರ ತಾಯಿಯು ಬೇರೂತಿನಲ್ಲಿ ಅಮೇರಿಕನ್ ಮಿಷನಿನ ಹೆಣ್ಣುಮಕ್ಕಳ ಶಾಲೆಯಲ್ಲಿ, ನಮ್ಮಂತೆಯೇ ಬೋರ್ಡಿಂಗಿನಲ್ಲಿದ್ದು ಕಲಿತವರು. 1990ರ ದಶಕದ ಮೊದಲಲ್ಲಿ ಇವರಿಬ್ಬರೂ ಲಂಡನಿನ ಒಂದು ಹೋಟೆಲಿನಲ್ಲಿ ಅಕಸ್ಮಾತ್ತಾಗಿ ಭೇಟಿಯಾದರು. ಒಬ್ಬರ ಜನರು ದೇಶವನ್ನು ಪಡೆದದ್ದೂ ಇನ್ನೊಬ್ಬರ ಜನರು ದೇಶವನ್ನು ಕಳೆದುಕೊಂಡದ್ದೂ ಒಂದೇ ವರುಷ. ಹಾಗಿದ್ದರೂ ಅವರಲ್ಲಿ ಸ್ನೇಹ ಬೆಳೆಯಿತು.

1999ರಲ್ಲಿ ಜರ್ಮನಿಯ ವೈಮಾರ್ ಪಟ್ಟಣವು ಯೂರೋಪಿನ ಸಾಂಸ್ಕೃತಿಕ ರಾಜಧಾನಿಯೆಂದು ನೇಮಿಸಲ್ಪಟ್ಟಿತು. ಆ ಬೇಸಗೆಯಲ್ಲಿ ಈ ಮಿತ್ರರು ಇಸ್ರಾಯೇಲ್, ಪಲೆಸ್ತೀನ್, ಸಿರಿಯ, ಲೆಬನಾನ್, ಜೋರ್ಡನ್, ಈಜಿಪ್ತ ಮುಂತಾದ ಕಡೆಗಳಿಂದ ತರುಣ ತರುಣಿಯರನ್ನು ಕರೆಯಿಸಿ, ಕೆಲವು ವಾರಗಳ ಪರಿಯಂತರ ಒಟ್ಟಿಗೆ ಇರಿಸಿದರು. ಹಗಲಲ್ಲಿ ವಾದನದ ಅಭ್ಯಾಸ. ರಾತ್ರಿಯಲ್ಲಿ ಸಯೀದರ ಮುಂದಾಳುತನದಲ್ಲಿ ಚರ್ಚೆ. ವೈಮಾರ್ ಕವಿ ಗಯಟೆಯು ಬಾಳಿದ ಊರು. ಆತನು ವೃದ್ಧಾಪ್ಯದಲ್ಲಿ ಪಾರಸಿಕ ಕವಿ ಹಾಫಿಜನನ್ನು ಓದಿ ಮೆಚ್ಚಿ, ಪಶ್ಚಿಮಕ್ಕೂ ಪೂರ್ವಕ್ಕೂ ನಂಟು ಕಟ್ಟುವ 'ಪಶ್ಚಿಮ-ಪೂರ್ವ ದಿವಾನ್' ಎಂಬ ಕವಿತಾಸಂಗ್ರಹವನ್ನು 1819ರಲ್ಲಿ ಪ್ರಕಟಿಸಿದ್ದನು. ವೃಂದಕ್ಕೆ ಆ ಹೆಸರನ್ನೇ ಇಟ್ಟರು.

ಅದೇ ವೈಮಾರಿನ ಹತ್ತಿರದ ಗುಡ್ಡದ ಮೇಲೆ ಬುಕನ್‌ವಾಲ್ಡ್ ಎಂಬ ಸ್ಥಳವಿದೆ. 1937ರಿಂದ 1945ರ ವರೆಗೆ ನಾಜಿಗಳು ಅಲ್ಲಿ ನಡಿಸಿದ ಸೆರೆಶಿಬಿರದಲ್ಲಿ 56,000ಕ್ಕೆ ಮೇಲ್ಪಟ್ಟ ಜನರು ಸತ್ತರು. ಅವರಲ್ಲಿ ಯೆಹೂದ್ಯರು ಬಹುಮಂದಿ. ಆ ತರುಣರನ್ನು ಅಲ್ಲಿಗೂ ಕರೆದುಕೊಂಡು ಹೋದರು. ತಮ್ಮ ಜನರ ಸಂಕಟವನ್ನು ಮಾತ್ರ ಕೇಳುತ್ತ ಬೆಳೆದ ಅರಬ್ಬರ ಮಕ್ಕಳು ಎದುರಿನವರ ಅಜ್ಜ ಅಜ್ಜಿಯರಿಗೆ ಏನಾಯಿತೆಂಬದನ್ನು ಕಣ್ಣಾರೆ ಕಂಡರು. ರಾತ್ರಿಯ ಚರ್ಚೆಗಳಲ್ಲಿ ಯೆಹೂದ್ಯರ ಮಕ್ಕಳು, ಊರು ಬಿಟ್ಟು ಹೊರಟುಹೋದ ಪಲೆಸ್ತೀನಿಯರ ಕಥೆಯನ್ನು ಪತ್ರಿಕೆಯಿಂದಲ್ಲ, ಮಗ್ಗುಲಲ್ಲಿ ಕುಳಿತವರ ಬಾಯಿಂದ ಕೇಳಿದರು.

ಎಲ್ಲವೂ ನಯವಾಗಿ ಸಾಗಲಿಲ್ಲ. ಸಂಜೆಗಳಲ್ಲಿ ಕೆಲವರು ಕೂಡಿ ಅರಬ್ಬೀ ಸಂಗೀತವನ್ನು ನುಡಿಸುತ್ತಿದ್ದಾಗ, ಅರಬ್ಬರಲ್ಲದವರಿಗೆ ಇದು ನುಡಿಸಲು ಬಾರದೆಂದು ಒಬ್ಬ ಅರಬ್ಬ ಹುಡುಗನು ಇಸ್ರಾಯೇಲಿನವನನ್ನು ತಡೆದನಂತೆ. ಅದರ ಮೇಲೆ ದೊಡ್ಡ ವಾದವೆದ್ದಿತು: ಹಾಗಾದರೆ ಬೀಥೋವನನನ್ನು ನುಡಿಸಲು ನಿಮಗೆ ಯಾವ ಹಕ್ಕು, ನೀವು ಜರ್ಮನರಲ್ಲವಷ್ಟೇ? ಹತ್ತು ದಿನಗಳಾದ ಮೇಲೆ, ಅದೇ ಹುಡುಗನು ಅಲ್ಲಿ ಕಲಿಸಲು ಬಂದಿದ್ದ ಯೊ-ಯೊ ಮಾ ಎಂಬ ಚೀನಾ ವಂಶದ ಮಹಾವಾದಕರಿಗೆ ಅವರ ಚೆಲ್ಲೊ ವಾದ್ಯವನ್ನು ಅರಬ್ಬೀ ಸ್ವರಸ್ಥಾನಗಳಿಗೆ ಶ್ರುತಿಮಾಡುವದನ್ನು ಕಲಿಸಿಕೊಡುತ್ತಿದ್ದನು! ಈ ಸಂಗತಿಯನ್ನು ಸಯೀದರು ನಗುತ್ತ ಹೇಳುತ್ತಿದ್ದರು. ಚೀನದವರಿಗೆ ಬರಬಹುದಾದರೆ ಯೆಹೂದ್ಯರಿಗೂ ಬರಬಹುದಷ್ಟೇ.

ಬಾರೆನ್‌ಬೋಯಿಮರು ಹೇಳುವ ಇನ್ನೊಂದು ಸಂಗತಿ ನಮಗೆ ಇದಕ್ಕಿಂತಲೂ ದೊಡ್ಡದಾಗಿ ತೋರಿತು. ಸಿರಿಯದ ಒಬ್ಬನೂ ಇಸ್ರಾಯೇಲಿನ ಒಬ್ಬನೂ ಒಂದೇ ಸ್ಟ್ಯಾಂಡಿನ ಮುಂದೆ ಕುಳಿತು, ಒಂದೇ ಸ್ವರವನ್ನು, ಒಂದೇ ಗಾತ್ರದಲ್ಲಿ, ಒಂದೇ ಕಮಾನಿನ ಎಳೆತದಲ್ಲಿ ನುಡಿಸಲು ಪ್ರಯತ್ನಪಟ್ಟರು. ಸಿರಿಯದವನು ಅದಕ್ಕೆ ಮೊದಲು ಇಸ್ರಾಯೇಲಿನ ಮನುಷ್ಯನನ್ನು ಕಂಡವನಲ್ಲ. ಅವರು ಮಾಡಲು ಹೊರಟದ್ದು ಅಷ್ಟೇ, ಒಂದು ಸ್ವರ. ಆದರೆ ಅದು ಕೈಗೂಡಿದ ಮೇಲೆ ಒಬ್ಬನು ಇನ್ನೊಬ್ಬನನ್ನು ಮೊದಲಿನಂತೆ ನೋಡಲಾರದವನಾದನು.

2002ರಿಂದ ಸ್ಪೇನಿನ ಆಂದಲೂಸಿಯ ಪ್ರಾಂತದ ಸರಕಾರವು ಈ ವೃಂದಕ್ಕೆ ಸೆವಿಲ್ ಪಟ್ಟಣದ ಕಡೆಯಲ್ಲಿ ನೆಲೆಯನ್ನು ಕೊಟ್ಟಿತು. ಮುಸಲ್ಮಾನರೂ ಯೆಹೂದ್ಯರೂ ಕ್ರೈಸ್ತರೂ ಶತಮಾನಗಳ ಕಾಲ ನೆರೆಹೊರೆಯವರಾಗಿ ಬಾಳಿದ, 1492ರಲ್ಲಿ ಯೆಹೂದ್ಯರನ್ನು ಹೊರಗಟ್ಟಿದ ನಾಡದು. ಕೂಡಿಬಾಳುವದು ಸಾಧ್ಯವೆಂಬದಕ್ಕೂ ಅದು ಕೆಡುವದು ಎಷ್ಟು ಸುಲಭವೆಂಬದಕ್ಕೂ ಸಾಕ್ಷಿ. 2003ರಲ್ಲಿ ಸಯೀದರು ತೀರಿಹೋದರು. ಅವರ ಪತ್ನಿ ಮರಿಯಂ ಸಯೀದರು ಕೆಲಸವನ್ನು ಕೈಬಿಡಲಿಲ್ಲ. ಆಕೆಯ ತಾಯಿ ವದಾದ್ ಮಕ್ದಿಸಿ ಕೊರ್ತಾಸರು ಬೇರೂತಿನ ಅಹ್ಲಿಯಾ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ದಶಕಗಳನ್ನು ಕಳೆದವರು. ಹೆಣ್ಣುಮಕ್ಕಳ ಶಾಲೆಯ ನೆರಳು ಎಲ್ಲೆಲ್ಲಿಗೆ ಚಾಚುವದೆಂದು ನಾವು ಸಂತೋಷಪಟ್ಟೆವು.

2005ರ ಆಗಸ್ಟ್ ತಿಂಗಳಲ್ಲಿ ಈ ವೃಂದವು ಪಲೆಸ್ತೀನಿಯರ ರಾಮಲ್ಲಾ ಪಟ್ಟಣದಲ್ಲಿ ನುಡಿಸಿತು. ಇಸ್ರಾಯೇಲಿನ ಪ್ರಜೆಗಳು ರಾಮಲ್ಲಾಕ್ಕೆ ಹೋಗಕೂಡದೆಂದು ಅವರ ಕಾನೂನು. ಸಿರಿಯ ಲೆಬನಾನುಗಳವರಿಗೋ ಇಸ್ರಾಯೇಲಿನ ಕಾವಲನ್ನು ದಾಟದೆ ಅಲ್ಲಿಗೆ ದಾರಿಯಿಲ್ಲ, ದಾಟಿದರೆ ತಮ್ಮ ದೇಶದಲ್ಲಿ ಅಪರಾಧ. ಕೊನೆಗೆ ಸ್ಪೇನಿನ ಸರಕಾರವು ಅವರಿಗೆ ರಾಯಭಾರಿಗಳಿಗೆ ಕೊಡುವಂಥ ಪಾಸ್‌ಪೋರ್ಟುಗಳನ್ನು ಕೊಟ್ಟಿತು. ಒಂದೇ ಸ್ಟ್ಯಾಂಡಿನಲ್ಲಿ ಕೂರುವವರು ಬೇರೆ ಬೇರೆ ದಾರಿಗಳಿಂದ ಆ ಊರನ್ನು ಸೇರಿ, ಬೀಥೋವನನ ಐದನೆಯ ಸಿಂಫನಿಯನ್ನು ನುಡಿಸಿ, ಮತ್ತೆ ಬೇರೆ ಬೇರೆ ದಾರಿಗಳಿಂದ ಹಿಂದಿರುಗಿದರು. ಎರಡು ತಾಸಿನ ಸಂಗೀತಕ್ಕೆ ಇಷ್ಟು ಕಷ್ಟ! ಕೇಳಿದವರಲ್ಲಿ ಅನೇಕರು ಇಸ್ರಾಯೇಲಿನವರನ್ನು ಸಿಪಾಯಿಗಳಾಗಿ ಮಾತ್ರ ಕಂಡವರು. ಅಂದು ಪಿಟೀಲು ಹಿಡಿದವರನ್ನು ಕಂಡರು.

ಈ ಕಥೆಯನ್ನು ಇಲ್ಲಿಗೆ ಮುಗಿಸಿದರೆ ಇಂಪಾಗಿರುವದು, ಆದರೆ ಸತ್ಯವಾಗಿರಲಾರದು. ಮರುವರುಷವೇ, 2006ರ ಜುಲೈಯಲ್ಲಿ, ಇಸ್ರಾಯೇಲಿಗೂ ಲೆಬನಾನಿನ ಹಿಜ್ಬುಲ್ಲಾ ಪಕ್ಷಕ್ಕೂ ಯುದ್ಧವಾಯಿತು. ಆ ಬೇಸಗೆಯಲ್ಲಿ ಅರಬ್ಬ ವಾದಕರಲ್ಲಿ ಅನೇಕರು ಬರಲಿಲ್ಲ. ತಮ್ಮ ಊರುಗಳ ಮೇಲೆ ಬಾಂಬು ಬೀಳುತ್ತಿರುವಾಗ ಬಂದು ಪಿಟೀಲು ಹಿಡಿಯುವದು ಹೇಗೆ? ಅವರನ್ನು ತಪ್ಪೆನ್ನಲು ನಮಗೆ ನಾಲಿಗೆ ಏಳದು. ಇಸ್ರಾಯೇಲಿನಲ್ಲಿ ಬಾರೆನ್‌ಬೋಯಿಮರನ್ನು ಸ್ವಜನದ್ರೋಹಿಯೆಂದು ಜರೆದವರುಂಟು. ಇತ್ತ ಪಲೆಸ್ತೀನಿಯರ ಬಹಿಷ್ಕಾರ ಚಳವಳಿಯವರು 2010ರಲ್ಲಿ ಈ ವೃಂದವನ್ನು ಖಂಡಿಸಿದರು. ನೆಲವನ್ನು ಕಸಿದುಕೊಂಡವನೂ ಕಳೆದುಕೊಂಡವನೂ ಸರಿಸಮಾನರೆಂಬಂತೆ ಒಟ್ಟಿಗೆ ಕೂರಿಸಿ ಲೋಕಕ್ಕೆ ತೋರಿಸಿದರೆ ಅನ್ಯಾಯವೇ ಸಹಜವಾಗಿ ಕಾಣುವದೆಂದು ಅವರ ವಾದದ ತಾತ್ಪರ್ಯ. ಇದು ತಳ್ಳಿಹಾಕುವ ಮಾತಲ್ಲ. ಒಂದು ಪುಸ್ತಕದ ಮುಂದೆ ನಿಲ್ಲಿಸಿದ ಮಾತ್ರಕ್ಕೆ ದಾವೆ ತೀರಿತೆಂದು ಯಾರಾದರೂ ಹೇಳಿದ್ದರೆ ನಮ್ಮ ತಂದೆಯವರು ಒಪ್ಪುತ್ತಿದ್ದರೇ?

ಆದರೆ ಬಾರೆನ್‌ಬೋಯಿಮರು ಹಾಗೆ ಹೇಳಲಿಲ್ಲವೆಂಬದನ್ನು ಗಮನಿಸಬೇಕು. ವೃಂದದಿಂದ ಶಾಂತಿ ಬರುವದೆಂದು ತಾವು ಸಾರುವದಿಲ್ಲ, ಅಜ್ಞಾನವನ್ನು ಕಳೆಯುವದೇ ತಮ್ಮ ಉದ್ದೇಶ, ಎದುರಿನವರ ಮಾತನ್ನು ಒಪ್ಪದಿದ್ದರೂ ಅದನ್ನು ಕೇಳುವ ಅಭ್ಯಾಸವಾಗಬೇಕು ಎಂಬ ಭಾವದ ಮಾತನ್ನು ಅವರು ಅನೇಕ ಸಾರಿ ಆಡಿದ್ದಾರೆ. ನೆಲದ ನ್ಯಾಯವನ್ನು ಆಳುವವರು ತೀರಿಸಬೇಕೇ ಹೊರತು ಪಿಟೀಲು ತೀರಿಸಲಾರದು. ವೃಂದದಲ್ಲಿ ಎಲ್ಲರೂ ಒಂದೇ ಸ್ವರವನ್ನು ನುಡಿಸುವದೂ ಇಲ್ಲ. ಎದುರಾಗಿ ಸಾಗುವ ಸ್ವರಗಳು ಅಲ್ಲಿ ಇರಲೇಬೇಕು. ಒಬ್ಬರು ಮೌನವಾಗಿರುವಾಗ ಇನ್ನೊಬ್ಬರು ನುಡಿಸಬೇಕು. ತನ್ನ ಸರದಿ ಯಾವಾಗ ಬಂತೆಂದು ತಿಳಿಯಬೇಕಾದರೆ ಮತ್ತೊಬ್ಬರ ವಾದ್ಯಕ್ಕೆ ಕಿವಿಗೊಟ್ಟಿರಬೇಕು.

ಆ ಬೇಸಗೆಯ ಕೂಟವು ಕ್ರಮೇಣ ಶಾಶ್ವತವಾದ ವಿದ್ಯಾಲಯಕ್ಕೂ ಕಾರಣವಾಯಿತು. ಬಾರೆನ್‌ಬೋಯಿಮ್-ಸಯೀದ್ ವಿದ್ಯಾಲಯವೆಂಬ ಹೆಸರಿನಿಂದ ಬರ್ಲಿನಿನಲ್ಲಿ ಅದು 2016ರಲ್ಲಿ ಆರಂಭವಾಯಿತು. ವಾದ್ಯದ ಸಂಗಡ ಇತಿಹಾಸ, ತತ್ತ್ವಶಾಸ್ತ್ರ, ಸಾಹಿತ್ಯಗಳನ್ನೂ ಅಲ್ಲಿ ಕಲಿಯಬೇಕು. ನಾವು ಕಂಡ ತರುಣಿಯರು ಅಲ್ಲಿಯವರೇ.

2023ರ ಅಕ್ಟೋಬರ್ 7ರಂದು ಹಮಾಸ್ ಪಕ್ಷದವರು ಇಸ್ರಾಯೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದರು. ಅದರ ಹಿಂದೆ ಬಂದ ಯುದ್ಧದಲ್ಲಿ ಗಾಜಾ ಪ್ರಾಂತದ ಹತ್ತಾರು ಸಾವಿರ ಜನರು, ಅವರಲ್ಲಿ ಸಾವಿರಾರು ಮಕ್ಕಳು, ಸತ್ತರು. ಈ ಸುದ್ದಿಗಳನ್ನು ಓದುವಾಗಲೆಲ್ಲ ನಮಗೆ ಆ ಇಬ್ಬರು ತರುಣಿಯರ ನೆನಪಾಗುತ್ತಿತ್ತು. ಮರುದಿನ ಬೆಳಿಗ್ಗೆ ತರಗತಿಗೆ ಬಂದು, ಆ ಕಿರಿದಾದ ಸ್ಟ್ಯಾಂಡಿನ ಮುಂದೆ, ಒಬ್ಬರ ಮೊಳಕೈ ಇನ್ನೊಬ್ಬರಿಗೆ ತಗಲುವಷ್ಟು ಹತ್ತಿರದಲ್ಲಿ ಹೇಗೆ ಕುಳಿತರೋ! ಆ ವರುಷದ ಡಿಸೆಂಬರಿನಲ್ಲಿ ನಮ್ಮ ದೇಶದ ಇಂದಿರಾ ಗಾಂಧಿ ಶಾಂತಿ ಪುರಸ್ಕಾರವನ್ನು ಬಾರೆನ್‌ಬೋಯಿಮರಿಗೂ ಅಲಿ ಅಬು ಅವ್ವಾದ್ ಎಂಬ ಪಲೆಸ್ತೀನಿಯರಿಗೂ ಕೂಡಿಸಿ ಸಾರಿದರು. ಆಗ ಬಾರೆನ್‌ಬೋಯಿಮರು ರೋಗದಿಂದ ಕುಗ್ಗಿದ್ದರು. ಆದರೂ 2024ರ ಬೇಸಗೆಯಲ್ಲಿ ವೃಂದವು ಮತ್ತೆ ಕೂಡಿತು; ಅವರು ಮತ್ತೆ ಅದರ ಮುಂದೆ ಕುಳಿತು ನಡಿಸಿದರು. ಯುದ್ಧ ಆಗ ನಿಂತಿರಲಿಲ್ಲ. ವೃಂದವೂ ನಿಲ್ಲಲಿಲ್ಲ.

ಇನ್ನು ನಮ್ಮ ಮಾತನ್ನು ಮುಗಿಸುವೆವು. ಕಳೆದ ಸಾರಿಯ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ನಾವು ಬಂದಾಗ, ಕೊನೆಯಲ್ಲಿ ಎಲ್ಲರೂ ಎದ್ದು ಹಾಡುವ ಹೊತ್ತಿಗೆ ಪುಸ್ತಕಗಳು ಎಂದಿನಂತೆ ಸಾಲದೆ ಹೋದವು. ಯಾರೋ ನಮ್ಮ ಕೈಯಲ್ಲಿ ಒಂದನ್ನು ಇಟ್ಟು, ಪಕ್ಕದವರಿಗೂ ತೋರಿಸಿರೆಂದು ಹೇಳಿ ಹೋದರು. ಪಕ್ಕಕ್ಕೆ ತಿರುಗಿದೆವು. ತಲೆ ನರೆತಿತ್ತು, ಕನ್ನಡಕ ಬಂದಿತ್ತು. ಆದರೂ ಗುರುತು ಹತ್ತಿತು. ಆಕೆಗೂ ಹತ್ತಿತೆಂದು ಕಣ್ಣೇ ಹೇಳಿತು. ತೋಟದ ದಾವೆ ನಮ್ಮ ತಂದೆಯವರ ಕಾಲ ಕಳೆದು ತಮ್ಮಂದಿರ ಕಾಲಕ್ಕೆ ಬಂದು, ಮೇಲಿನ ಕೋರ್ಟಿನಲ್ಲಿ ಇನ್ನೂ ಇದೆ. ಅದು ಆಕೆಗೆ ತಿಳಿಯದ್ದಲ್ಲ, ನಮಗೂ ತಿಳಿಯದ್ದಲ್ಲ. ಎಡಬದಿಯನ್ನು ನಾವು ಹಿಡಿದೆವು. ಬಲಬದಿಗೆ ಆಕೆಯ ಕೈ ಬಂತು. ಎರಡನೆಯ ಚರಣದ ಕೊನೆಯಲ್ಲಿ, ನಾವು ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿಯೆಂದು ನಿನ್ನೆಯವರೆಗೂ ಹಾಡಿದವರಂತೆ ತಿಳಿದು, ಆಕೆ ತನ್ನ ಸ್ವರವನ್ನು ಕ್ಷಣಮಾತ್ರ ಬಿಟ್ಟು ಹಾಳೆಯನ್ನು ತಿರುವಿದರು.

ಹಾಡು ಮುಗಿದ ಮೇಲೆ, "ಮೊಣಕಾಲು ನೋವೇ? ಆಗಿನಿಂದ ನೋಡುತ್ತಿದ್ದೇನೆ, ಒಂದೇ ಕಾಲ ಮೇಲೆ ನಿಂತಿದ್ದೀರಿ, ಕುಳಿತುಕೊಳ್ಳಿ," ಎಂದು ಆಕೆ ಕುರ್ಚಿಯನ್ನು ಎಳೆದುಕೊಟ್ಟರು. ಹೌದು, ಎಡಗಾಲು ನೋಯುತ್ತಿತ್ತು. ನಮ್ಮ ಮನೆಯಲ್ಲಿ ಯಾರಿಗೂ ನಾವು ಅದನ್ನು ಹೇಳಿರಲಿಲ್ಲ.

ಪ್ರಿಯ ಹೆತ್ತವರೇ, ನಿಮ್ಮ ಮಕ್ಕಳನ್ನು ಶಾಲೆಯಲ್ಲಿ ಯಾರ ಪಕ್ಕದಲ್ಲಿ ಕೂರಿಸಿದ್ದಾರೆಂದು ಕೇಳಿ ನಿಮಗೆ ಎಂದಾದರೂ ಮನಸ್ಸಿಗೆ ಸರಿಬಾರದಿದ್ದರೆ, ಉಪಾಧ್ಯಾಯಿನಿಯವರಿಗೆ ಚೀಟಿ ಬರೆಯುವದಕ್ಕೆ ಮುಂಚೆ ತುಸು ತಾಳಿರಿ. ನಮ್ಮ ಶಾಲೆಗೆ ಹಾಡಿನ ಪುಸ್ತಕಗಳನ್ನು ಕೊಡಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರು ಈ ವರುಷ ಹಣ ಕೂಡಿಸುತ್ತಿದ್ದಾರೆಂದು ಕೇಳಿದೆವು. ನಾವೂ ನಮ್ಮ ಪಾಲನ್ನು ಕಳುಹಿಸಿದ್ದೇವೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಆಗುವಷ್ಟು ಕೊಳ್ಳಬೇಡಿರೆಂದು ಅದರೊಂದಿಗೆ ಒಂದು ಸಾಲು ಬರೆದಿದ್ದೇವೆ.